ಬಿಸಿಗಾಳಿಗೆ ಬಾಗಿಲೆಲ್ಲಿ?

ಅಕ್ಕನ ಮಗ ತನ್ನ ಹಳೆಯ ಕಾರಿಗೆ ಟರ್ಬೊ ಹಾಕಿಸಿದ್ದಾನೆ. ರಸ್ತೆಗಿಳಿಸುವುದಿಲ್ಲ, ಲಾರಿಯಲ್ಲಿ ಹೇರಿಕೊಂಡು ಹೋಗಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಷ್ಟೇ ಓಡಿಸುತ್ತಾನೆ. ಮೂರನೇ ಸುತ್ತಿಗೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ದೊಡ್ಡ ರೇಡಿಯೇಟರ್ ಕೂರಿಸಿದ. ಒಂದು ಸುತ್ತು ಹೆಚ್ಚು ಸಿಕ್ಕಿತು, ಅಷ್ಟೆ. ಆಮೇಲೆ ಯಾರದೋ ಮಾತು ಕೇಳಿ ಬಾನೆಟ್ಟಿನ ಹಿಂದಿನ ಕೀಲುಗಳ ಕೆಳಗೆ ವಾಷರ್ ಇಟ್ಟು, ಮುಂಗಾಜಿನ ಹತ್ತಿರ ಎರಡು ಬೆರಳಿನಷ್ಟು ಸಂದು ಬಿಡಿಸಿದ. ಕಾರು ನಿಂತಿದ್ದಾಗ ಅಲ್ಲಿಂದ ಬಿಸಿ ಏಳುವುದು ಕೈಗೇ ತಾಗುತ್ತಿತ್ತು. ಓಡಿಸಿದರೆ ಮುಳ್ಳು ಮೊದಲಿಗಿಂತ ಬೇಗ ಏರಿತು!

ಜೊತೆಗೆ ಬಂದಿದ್ದ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲಿಲ್ಲ. ಕೆಂಪು ಉಲ್ಲನ್ ದಾರವನ್ನು ಬೆರಳುದ್ದಕ್ಕೆ ಕತ್ತರಿಸಿ, ಬಾನೆಟ್ ತುಂಬ ಟೇಪಿನಿಂದ ಅಂಟಿಸಿ, "ಹೋಗ್ಬನ್ನಿ ಸಾರ್, ದಾರ ಯಾವ್ ಕಡೆ ಹೋಗ್ತದೆ ನೋಡಿ" ಅಂದರು. ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದ ನನಗೆ ಅದೇ ಕೆಲಸ. ವೇಗ ಹತ್ತಿದಂತೆ ನಡುವಿನ ದಾರಗಳೆಲ್ಲ ನಮ್ಮತ್ತ ನೀಟಾಗಿ ಮಲಗಿದವು. ಗಾಜಿನ ಬುಡದವು ಮಾತ್ರ ಹಲ್ಲಿ ಬಾಲದಂತೆ ಒದ್ದಾಡಿ, ಆ ಸಂದಿನೊಳಕ್ಕೇ ತೂರಿಕೊಂಡವು.

ಓಡುವ ಕಾರಿನ ಮುಂಗಾಜಿಗೆ ಬಡಿದ ಗಾಳಿ ಅದರ ಬುಡದಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ನಾವು ಕೂರುವ ಜಾಗಕ್ಕೆ ಹೊರಗಿನ ಗಾಳಿ ಎಳೆದುಕೊಳ್ಳುವ ಕಿಂಡಿಯನ್ನು ಎಷ್ಟೋ ಕಾರುಗಳಲ್ಲಿ ಅಲ್ಲೇ ಇಟ್ಟಿರುವುದು ಅದಕ್ಕೇ. ಹೊರಹೋಗಲೆಂದು ಇವನು ತೆರೆದ ಬಾಗಿಲಿನಿಂದ ಗಾಳಿ ಒಳನುಗ್ಗಿ ಎಂಜಿನ್ ಗೂಡನ್ನು ತುಂಬಿತ್ತು; ಹಿಂದೆ ಜಾಗವಿಲ್ಲದೆ ಎದುರಿನ ಗಾಳಿ ರೇಡಿಯೇಟರಿನ ಮುಂದೆಯೇ ತಡೆದು ನಿಂತಿತ್ತು. ಮೆಕ್ಯಾನಿಕ್ ವಾಷರ್ ಕಿತ್ತರು. ಬಾನೆಟ್ಟಿನ ಮುಂದಿನ ಬಾಗಿದ ಅಂಚಿನ ಹಿಂದೆಯೇ ಗಾಳಿ ವೇಗವಾಗಿ ಜಾರಿ ಒತ್ತಡ ಇಳಿಯುವ ಕಡೆ ಸೀಳುಗಂಡಿ ಕೊರೆಸಿದರು. ಅದಕ್ಕಿಂತ ಮೊದಲು ರೇಡಿಯೇಟರಿನ ಸುತ್ತಲ ಸಂದುಗಳಿಗೆ ಫೋಮ್ ಪಟ್ಟಿ ತುರುಕಿದ್ದರು. ಗಾಳಿ ಮಹಾ ಸೋಮಾರಿ. ಆ ತೆಳು ತಗಡಿನ ರೆಕ್ಕೆಗಳ ನಡುವೆ ನುಸುಳುವ ಕಷ್ಟ ಯಾರಿಗೆ ಬೇಕೆಂದು ಪಕ್ಕದಲ್ಲೇ ನುಣುಚಿಕೊಳ್ಳುತ್ತದೆ. ಅರ್ಧ ಗುಣ ಆ ಅಗ್ಗದ ಫೋಮಿನದೇ ಎಂದು ನನ್ನ ಗುಮಾನಿ.

ತನ್ನ ಉಪಾಯ ಕೈಕೊಟ್ಟಿದ್ದಕ್ಕೆ ಹುಡುಗ ಸಪ್ಪಗಾಗಿದ್ದ. ಸಮಾಧಾನಕ್ಕೆ ಗಾರ್ಡನ್ ಮರ್ರೆ ಕಥೆ ಹೇಳಿದೆ. ಬ್ರಾಬಮ್ ತಂಡಕ್ಕೆ ಬಿಟಿ46 ಫಾರ್ಮುಲಾ ಒನ್ ಕಾರು ರೂಪಿಸುವಾಗ ಆತ ರೇಡಿಯೇಟರನ್ನೇ ಬಿಟ್ಟು, ಮೈಮೇಲೆ ಚಪ್ಪಟೆ ತಂಪುಫಲಕ ಹಚ್ಚಿದ್ದ. ಶಾಖ ಇಳಿಯಲಿಲ್ಲ, ಮಾಮೂಲಿ ರೇಡಿಯೇಟರನ್ನೇ ಮೂತಿಗೆ ತರಬೇಕಾಯಿತು. ಅದೇ ಮರ್ರೆ 1978ರಲ್ಲಿ ರೇಡಿಯೇಟರನ್ನು ಎಂಜಿನ್ ಮೇಲೆ ಅಡ್ಡ ಮಲಗಿಸಿ, ಹಿಂದೆ ಗೇರ್‌ಬಾಕ್ಸಿನಿಂದ ತಿರುಗುವ ದೊಡ್ಡ ಫ್ಯಾನ್ ಇಟ್ಟ. ಹೆಸರಿಗೆ ತಂಪು. ಆದರೆ ಫ್ಯಾನು ಕಾರಿನಡಿಯ ಗಾಳಿಯನ್ನೂ ಹೀರಿ ಕಾರನ್ನು ನೆಲಕ್ಕೆ ಕಚ್ಚಿಸುತ್ತಿತ್ತು. ಗಾಳಿಯ ಒತ್ತಡಕ್ಕೆಂದೇ ಚಲಿಸುವ ಭಾಗ ಇಡುವುದು ಆಗಿನ ನಿಯಮಕ್ಕೆ ವಿರುದ್ಧವಾಗಿತ್ತು. ಫ್ಯಾನಿನ ಮುಖ್ಯ ಕೆಲಸ ತಂಪು ಮಾಡುವುದೇ ಎಂಬುದು ತಂಡದ ವಾದ. ಸುಳ್ಳೆನ್ನಲು ಬಾರದು, ತಂಪು ಮಾಡುತ್ತಲೇ ಇತ್ತು! ಜೂನ್ 17ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ತಂಡದ ಚಾಲಕ ನಿಕಿ ಲೌಡಾ 34 ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದ. ಉಳಿದ ತಂಡಗಳ ಗದ್ದಲಕ್ಕೆ ಆ ಕಾರು ಮತ್ತೆ ರೇಸಿಗಿಳಿಯಲಿಲ್ಲ. ಪಿಟ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ನಿಂತಲ್ಲೇ ಕಾವಿಗೆ ಕೂತ ಕೋಳಿಯಂತೆ ಅದು ಕುಕ್ಕರಿಸುತ್ತಿತ್ತಂತೆ. ಬರೀ ತಂಪಿಗೆ ಎಂದರೆ ಯಾರು ನಂಬಬೇಕು?

ಕಥೆ ಹೇಳಿದ್ದೇ ತಪ್ಪಾಯಿತು. ನಿನ್ನೆ ಹೋಗಿ ನೋಡಿದರೆ ಹುಡುಗ ಟೇಪ್ ಹಿಡಿದು ಡಿಕ್ಕಿಯ ಅಳತೆ ತೆಗೆಯುತ್ತಿದ್ದ.