ಪರಿಮಳ ಯಾರಿಗಾಗಿ?

ದಿನನಿತ್ಯ ಹಚ್ಚಿಕೊಳ್ಳಲು ಒಂದು ಸುಗಂಧ ಬೇಕೆಂದು ಅಂಗಡಿಗೆ ಹೋಗುವ ಗಂಡಸರು ಸಾಮಾನ್ಯವಾಗಿ ಹೇಳುವುದು ಎರಡೇ ಮಾತು. ಫ್ರೆಶ್ ಆಗಿರಬೇಕು, ಎಲ್ಲ ಕಡೆಗೂ ಆಗಬೇಕು. ಕಚೇರಿಗೂ ಸಲ್ಲಬೇಕು, ಮದುವೆಗೂ ಸಲ್ಲಬೇಕು, ಜುಮಾ ನಮಾಝಿಗೂ ಸಲ್ಲಬೇಕು, ಸಾವಿನ ಮನೆಗೆ ಹೋಗಬೇಕಾಗಿ ಬಂದರೆ ಅಲ್ಲಿಯೂ ಮುಜುಗರವಾಗಬಾರದು. ಬೆಂಗಳೂರಿನ ಶಿವಾಜಿನಗರದ ಅತ್ತರಿನ ಅಂಗಡಿಯಾಗಲಿ, ಮಾಲಿನ ಗಾಜಿನ ಕಪಾಟಾಗಲಿ, ಬೇಡಿಕೆ ಇದೇ. ಕೇಳಲು ಬಲು ಸಣ್ಣದು. ಆದರೆ ಅದರೊಳಗೆ ನಾವು ಅಷ್ಟಾಗಿ ಚರ್ಚಿಸದ ಒಂದು ನೈತಿಕ ಪ್ರಶ್ನೆ ಅಡಗಿದೆ. ನಾವು ಪರಿಮಳ ಹಚ್ಚಿಕೊಳ್ಳುವುದು ಯಾರಿಗಾಗಿ?

ನಮ್ಮಲ್ಲಿ ಈ ವಿಷಯ ಬಂದಾಗ ಮಾತು ಹೆಚ್ಚಾಗಿ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಸ್ಪ್ರೇಯಲ್ಲಿ ಆಲ್ಕೋಹಾಲ್ ಇದೆಯಲ್ಲ, ಅದನ್ನು ಹಾಕಿಕೊಂಡು ನಮಾಝ್ ಮಾಡಬಹುದೇ? ಇದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಕುಡಿಯುವ ಮದ್ಯ ಬೇರೆ, ಹಚ್ಚುವ ದ್ರಾವಕ ಬೇರೆ ಎಂದು ಅನುಮತಿಸಿದವರಿದ್ದಾರೆ. ಸಂಶಯವೇ ಬೇಡವೆಂದು ಅತ್ತರಿಗೆ ಅಂಟಿಕೊಂಡವರೂ ಇದ್ದಾರೆ. ಅವರವರು ನಂಬುವ ಆಲಿಮರನ್ನು ಕೇಳಿ ತಿಳಿದುಕೊಳ್ಳಲಿ. ಆದರೆ ಬಾಟಲಿಯೊಳಗೆ ಏನಿದೆ ಎಂಬ ಪ್ರಶ್ನೆಯಷ್ಟೇ, ಅದರಿಂದ ಹೊರಬಂದದ್ದು ಪಕ್ಕದವನಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯೂ ಮುಖ್ಯವಲ್ಲವೇ?

ನಮ್ಮ ಮೂಗಿಗೆ ಒಂದು ವಿಚಿತ್ರ ಗುಣವಿದೆ. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಹಚ್ಚಿಕೊಂಡ ಅತ್ತರು ಸ್ವಲ್ಪ ಹೊತ್ತಿಗೆ ಹಚ್ಚಿದವನ ಪಾಲಿಗೆ ಇಲ್ಲವಾಗುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನಿಗೆ, ಲಿಫ್ಟಿನಲ್ಲಿ ಜೊತೆಗೆ ನಿಂತವಳಿಗೆ ಮಾತ್ರ ಅದು ಇದ್ದೇ ಇರುತ್ತದೆ. ನಾವು ಹಣ ಕೊಟ್ಟು ಕೊಳ್ಳುತ್ತೇವೆ, ಅನುಭವಿಸುವವರು ಇತರರು. ಇಷ್ಟವಾಗದ ದೃಶ್ಯಕ್ಕೆ ಕಣ್ಣು ಮುಚ್ಚಬಹುದು, ಉಸಿರನ್ನು ಎಷ್ಟು ಹೊತ್ತು ಹಿಡಿಯಬಹುದು? ಆಸ್ತಮಾ ಇರುವವರಿಗೆ, ಅರೆತಲೆನೋವಿನವರಿಗೆ ಗಾಢ ಸುಗಂಧ ನಿಜವಾದ ಹಿಂಸೆ. ತನ್ನ ಪರಿಮಳಕ್ಕೆ ತಾನೇ ನ್ಯಾಯಾಧೀಶನಾಗಲು ಯಾರಿಗೂ ಅರ್ಹತೆಯಿಲ್ಲ, ಏಕೆಂದರೆ ಅವನ ಮೂಗು ಆಗಲೇ ಸಾಕ್ಷಿ ನುಡಿಯುವುದನ್ನು ನಿಲ್ಲಿಸಿರುತ್ತದೆ.

ಇನ್ನು ಈ 'ಫ್ರೆಶ್' ಎಂಬುದಾದರೂ ಏನು? ಇಟಲಿ ಮೂಲದ ಫಾರಿನಾ ಕುಟುಂಬ ಜರ್ಮನಿಯ ಕಲೋನ್ ನಗರದಲ್ಲಿ 1709ರಲ್ಲಿ ಅಂಗಡಿ ತೆರೆದು, ನಿಂಬೆ ಕಿತ್ತಳೆಗಳ ಎಣ್ಣೆ ಬೆರೆತ ಹಗುರವಾದ ಸುಗಂಧಜಲವನ್ನು ಪ್ರಸಿದ್ಧಗೊಳಿಸಿತು. ಆ ಊರಿನ ಹೆಸರೇ ಅದಕ್ಕೆ ಉಳಿಯಿತು. ನಿಂಬೆ ಜಾತಿಯ ಎಣ್ಣೆಗಳು ಬೇಗ ಆರಿಹೋಗುತ್ತವೆ. ಅಂಗಡಿಯಲ್ಲಿ ಮೂಗಿಗೆ ಹಿಡಿದಾಗ ಮನಸೆಳೆಯುವುದು ಆ ಮೊದಲ ಕೆಲವು ನಿಮಿಷಗಳ ವಾಸನೆ. ದಿನವಿಡೀ ಜೊತೆಗಿರುವುದು ಅದು ಆರಿದ ಮೇಲೆ ಉಳಿಯುವ ತಳದ ವಾಸನೆ. ಆದ್ದರಿಂದ ಕೈಗೆ ಹಚ್ಚಿಸಿಕೊಂಡು, ಅರ್ಧ ಗಂಟೆ ಸುತ್ತಾಡಿ ಬಂದು, ಆಮೇಲೆ ಕೊಳ್ಳುವುದು ಜಾಣತನ. ಮನುಷ್ಯರ ವಿಷಯದಲ್ಲೂ ಈ ಮಾತು ಸಲ್ಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಫ್ರೆಶ್ ಎಂಬುದರ ಅರ್ಥ ಬದಲಾಯಿತು. ಸಮುದ್ರದ ಗಾಳಿಯನ್ನು ನೆನಪಿಸುವ ಕ್ಯಾಲೋನ್ ಎಂಬ ರಾಸಾಯನಿಕ 1966ರಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕಿತು. 1988ರ 'ಕೂಲ್ ವಾಟರ್', 1996ರ 'ಆಕ್ವಾ ಡಿ ಜಿಯೊ' ಮುಂತಾದವುಗಳಿಂದ ನೀರಿನ ತಂಪನ್ನು ಸೂಚಿಸುವ ಗಂಡಸರ ಸುಗಂಧಗಳ ಅಲೆಯೇ ಎದ್ದಿತು. ಇಂಥವುಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಒಂದು ರಾಸಾಯನಿಕ ಬಟ್ಟೆ ಒಗೆಯುವ ಪುಡಿಗಳಲ್ಲೂ ಬಳಕೆಯಾಗುವಂಥದು. ಅಂದರೆ ನಾವು ಫ್ರೆಶ್ ಎನ್ನುವುದು ಆಗಷ್ಟೇ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಇನ್ನೂ ಬೆವರದ ಮನುಷ್ಯನ ವಾಸನೆಯನ್ನು. ನಲ್ಲಿಯಲ್ಲಿ ನೀರಿರುವವನ, ಬಿಸಿಲಿನಲ್ಲಿ ದುಡಿಯಬೇಕಿಲ್ಲದವನ ವಾಸನೆಯನ್ನು.

ಪ್ರಶ್ನೆ ಗಂಭೀರವಾಗುವುದು ಇಲ್ಲಿಯೇ. ನಮ್ಮ ಸಮಾಜದಲ್ಲಿ ವಾಸನೆ ಕೇವಲ ವಾಸನೆಯಲ್ಲ. ಮೀನು ಮಾರುವವಳ ಬುಟ್ಟಿ, ಚರ್ಮ ಹದ ಮಾಡುವವನ ಕೈ, ಚರಂಡಿಗಿಳಿದವನ ಮೈ, ಇವೆಲ್ಲವನ್ನೂ ಮೂಗು ಮುಚ್ಚಿಕೊಂಡು ದೂರವಿಟ್ಟ ಸಮಾಜ ನಮ್ಮದು. ಬಾಡಿಗೆ ಮನೆ ಹುಡುಕಿಕೊಂಡು ಹೋದ ಮುಸ್ಲಿಮನಿಗೆ, ದಲಿತನಿಗೆ 'ಮಾಂಸ ಬೇಯಿಸುತ್ತೀರಿ, ವಾಸನೆ ಬರುತ್ತದೆ' ಎಂಬ ಉತ್ತರ ಹೊಸದಲ್ಲ. ಜಾತಿಯ ಹೆಸರು ಹೇಳಲು ನಾಚುವವರು ವಾಸನೆಯ ಹೆಸರು ಹೇಳುತ್ತಾರೆ. ಹೀಗಿರುವಾಗ ಎಲ್ಲ ಕಡೆಗೂ ಸಲ್ಲುವ ಸುಗಂಧವನ್ನು ಹುಡುಕುವ ಕೆಳಮಧ್ಯಮ ವರ್ಗದ ಯುವಕ ಕೇವಲ ಪರಿಮಳವನ್ನು ಕೊಳ್ಳುತ್ತಿಲ್ಲ. ತನ್ನ ಓಣಿ, ತನ್ನ ಅಡಿಗೆಮನೆ, ತನ್ನ ತಂದೆಯ ಕಸುಬು ಯಾವುದೂ ಸಂದರ್ಶನದ ಕೊಠಡಿಗೆ ತನ್ನೊಂದಿಗೆ ಬರದಿರಲಿ ಎಂಬ ಭರವಸೆಯನ್ನೂ ಕೊಳ್ಳುತ್ತಿದ್ದಾನೆ.

ಹಾಗಾದರೆ ಸುಗಂಧವೆಂಬುದೇ ಒಂದು ಮುಸುಕೇ? ಅದನ್ನು ತ್ಯಜಿಸುವುದೇ ಪ್ರಾಮಾಣಿಕತೆಯೇ? ನಮಗೆ ಹಾಗನ್ನಿಸುವುದಿಲ್ಲ. ಪ್ರವಾದಿ ಮುಹಮ್ಮದ್(ಸ)ರಿಗೆ ಸುಗಂಧ ಪ್ರಿಯವಾಗಿತ್ತು, ಯಾರಾದರೂ ಕೊಟ್ಟರೆ ಅವರು ನಿರಾಕರಿಸುತ್ತಿರಲಿಲ್ಲ ಎಂದು ಹದೀಸ್‌ಗಳಲ್ಲಿದೆ. ಹಝ್ರತ್ ಆಯಿಶಾ(ರ) ವರದಿ ಮಾಡಿದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಮದೀನಾದ ಹೊರವಲಯದಿಂದ ದುಡಿಯುವ ಜನ ಜುಮಾಕ್ಕೆ ಧೂಳು ಬೆವರುಗಳೊಂದಿಗೆ ಬರುತ್ತಿದ್ದರು. ಈ ದಿನಕ್ಕಾಗಿ ನೀವು ಶುಚಿಯಾಗಿ ಬಂದರೆ ಒಳ್ಳೆಯದಿತ್ತು ಎಂದು ಪ್ರವಾದಿಯವರು ಸೂಚಿಸಿದರು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದು ಎಂದದ್ದೂ ಹೀಗೆಯೇ, ಪಕ್ಕದಲ್ಲಿ ನಿಲ್ಲುವವನ ಕಾರಣಕ್ಕೆ. ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವವರ ನಡುವೆ ಮಾತ್ರ ಹುಟ್ಟಬಹುದಾದ ನಿಯಮವಿದು. ದೂರವಿಡುವ ಸಮಾಜಕ್ಕೆ ಇದರ ಅಗತ್ಯವೇ ಇಲ್ಲ, ಅದು ಸಾಲನ್ನೇ ಬೇರೆ ಮಾಡುತ್ತದೆ.

ಒಳ್ಳೆಯ ಗೆಳೆಯನನ್ನು ಕಸ್ತೂರಿ ಮಾರುವವನಿಗೂ, ಕೆಟ್ಟ ಗೆಳೆಯನನ್ನು ಕಮ್ಮಾರನ ತಿದಿಗೂ ಹೋಲಿಸಿದ ಹದೀಸ್ ಎಲ್ಲರಿಗೂ ಗೊತ್ತು. ಅದು ಸಹವಾಸದ ಕುರಿತ ಉಪಮೆಯೇ ಹೊರತು ಕಮ್ಮಾರಿಕೆಯ ಮೇಲಿನ ತೀರ್ಪಲ್ಲ. ಕುಲುಮೆಯ ಹೊಗೆಯಿಲ್ಲದೆ ರೈತನಿಗೆ ನೇಗಿಲಿಲ್ಲ. ದುಡಿಮೆಯ ಬೆವರಿಗೆ ನೀರು ಬೇಕು, ನಾಚಿಕೆ ಬೇಕಿಲ್ಲ.

ಅಂದರೆ ಭೇದವಿರುವುದು ಉದ್ದೇಶದಲ್ಲಿ. ನನ್ನನ್ನು ನಾನು ಅಡಗಿಸಿಕೊಳ್ಳಲು ಹಚ್ಚಿದ್ದು ಭಯ. ನಾನು ಬಂದೆನೆಂದು ಸಾರಲು ಸುರಿದುಕೊಂಡದ್ದು ಅಹಂಕಾರ. ಪಕ್ಕದವನ ಗಾಳಿ ಹಿತವಾಗಿರಲೆಂದು ಹಚ್ಚಿದ್ದು ಸೌಜನ್ಯ. ಮೂರರ ಬಾಟಲಿಯೂ ಒಂದೇ ಇರಬಹುದು. ಕನೌಜಿನ ಅತ್ತರುಗಾರರು ತಾಮ್ರದ ದೇಗಿನಲ್ಲಿ ಸುಟ್ಟ ಮಣ್ಣಿನ ತುಂಡುಗಳನ್ನು ಬೇಯಿಸಿ, ಆ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ, ಮೊದಲ ಮಳೆಯ ವಾಸನೆಯ ಅತ್ತರು ಮಾಡುತ್ತಾರೆ. ಸಾದಿಯ 'ಗುಲಿಸ್ತಾನ್' ಓದಿದವರಿಗೆ ಗುಲಾಬಿಯ ಸಹವಾಸದಿಂದ ಪರಿಮಳ ಪಡೆದ ಮಣ್ಣಿನ ಕಥೆ ನೆನಪಾಗುತ್ತದೆ. ನಮ್ಮ ಹೂವು ಮತ್ತು ನಾರಿನ ಗಾದೆಯೂ ಅದರ ನೆಂಟನೇ. ಆದರೆ ಕನೌಜಿನ ಮಣ್ಣು ಯಾವ ಗುಲಾಬಿಗೂ ಋಣಿಯಲ್ಲ. ಅದರ ಪರಿಮಳ ಅದರದ್ದೇ. ತನ್ನ ಮಣ್ಣನ್ನು ಬಚ್ಚಿಡದೆಯೂ ಹಿತವಾಗಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕೊನೆಗೆ ಯಾವುದನ್ನು ಆರಿಸುವುದು? ನಮ್ಮ ಸೆಕೆಗೆ ಲಾವಂಚ ಒಪ್ಪುತ್ತದೆ. ಹಿರಿಯರು ಅದರ ಬೇರನ್ನು ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದರು, ಬೇಸಿಗೆಯಲ್ಲಿ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ತಂಪಾದ, ಗದ್ದಲವಿಲ್ಲದ ವಾಸನೆ. ಯಾವ ಮನೆಯಲ್ಲೂ ಅದು ಪರಕೀಯವಲ್ಲ. ಶ್ರೀಗಂಧ ದುಬಾರಿಯಾದ ಮೇಲೆ ಅನೇಕ ಅಗ್ಗದ ಅತ್ತರುಗಳು ಬೇರೆ ಎಣ್ಣೆ, ದ್ರಾವಕಗಳ ಮೇಲೆ ನಿಂತಿವೆ, ಆದ್ದರಿಂದ ಚರ್ಮಕ್ಕೆ ಹಚ್ಚಿ ನೋಡಿಯೇ ಕೊಳ್ಳಬೇಕು. ಲಿಂಬೆ ಬೆರೆತ ಹಗುರವಾದ ಕಲೋನ್ ಆದರೂ ಸರಿಯೇ. ಸ್ನಾನ ಮೊದಲು, ಸುಗಂಧ ಆಮೇಲೆ. ಒಂದು ಹನಿ ಸಾಕು. ಕೈಕುಲುಕುವಷ್ಟು ಹತ್ತಿರ ಬಂದವನಿಗೆ ಮಾತ್ರ ತಿಳಿದರೆ ಅಳತೆ ಸರಿಯಾಗಿದೆ. ಮೈಗೆ ಕೊಡುವಷ್ಟೇ ತರಬೇತಿಯನ್ನು ಮೂಗಿಗೂ ಕೊಡೋಣ. ಬೆವರಿದವನು ಪಕ್ಕದಲ್ಲಿ ಕುಳಿತರೆ ಮುಖ ತಿರುಗಿಸದಿರುವುದನ್ನು ಅದು ಕಲಿಯಲಿ.

ನಮ್ಮಲ್ಲಿ ಮರಣ ಹೊಂದಿದವರ ಮೈತೊಳೆಯುವಾಗ ಕೊನೆಯ ನೀರಿಗೆ ಕರ್ಪೂರ ಬೆರೆಸುತ್ತಾರೆ. ಆ ಪರಿಮಳವನ್ನು ಆರಿಸುವವರು ನಾವಲ್ಲ, ಅದು ನಮ್ಮ ಮೂಗಿಗೆ ತಲುಪುವುದೂ ಇಲ್ಲ. ಹೆಗಲು ಕೊಡಲು ಬಂದವರಿಗೆ ಮಾತ್ರ ಅದು ತಿಳಿಯುತ್ತದೆ. ಬದುಕಿರುವಾಗ ಹಚ್ಚಿಕೊಳ್ಳುವ ಪರಿಮಳವೂ ಬಹುಪಾಲು ಅವರದ್ದೇ ಎಂದು ತಿಳಿದವನಿಗೆ ಅಂಗಡಿಯಲ್ಲಿ ಬಾಟಲಿ ಆರಿಸುವುದು ಅಷ್ಟೇನೂ ಕಷ್ಟವಾಗದು.