ಕಾಣದ ಜ್ವಾಲೆ ಮತ್ತು ಅಪ್ರಮಾದ

ಜೈನದರ್ಶನವು ಅಗ್ನಿಯನ್ನು ಜಡವೆಂದು ಎಣಿಸಿಲ್ಲ. ತೇಜಸ್ಕಾಯ ಜೀವಗಳ ನೆಲೆಯೆಂದು ಹೇಳಿದೆ. ಆದರೂ ಗೃಹಸ್ಥನಿಗೆ ಒಲೆಯನ್ನು ನಿಷೇಧಿಸಿಲ್ಲ. ಅಡುಗೆ, ಉದ್ಯೋಗಗಳಲ್ಲಿ ಒದಗುವ ಆರಂಭೀ ಹಾಗೂ ಉದ್ಯೋಗೀ ಹಿಂಸೆಗಳು ಅನಿವಾರ್ಯವೆಂದು ಒಪ್ಪಿ, ಅವನ್ನು ಯತ್ನಾಚಾರದಿಂದ ಮಿತಗೊಳಿಸಬೇಕೆಂದು ವಿಧಿಸಿದೆ. ಹೊಸ ಇಂಧನವೊಂದು ನಾಡಿಗೆ ಬರುವಾಗ ಶ್ರಾವಕನು ಕೇಳಬೇಕಾದ ಪ್ರಶ್ನೆಯೂ ಇದೇ: ಇದರಲ್ಲಿ ಯತ್ನವೆಷ್ಟು, ಪ್ರಮಾದವೆಷ್ಟು?

ಆ ಇಂಧನ ಜಲಜನಕ. ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇಂಗಾಲದ ಹೊಗೆಯನ್ನು ತಗ್ಗಿಸಿ ಉಕ್ಕು ತಯಾರಿಸುವ ಉದ್ದೇಶದಿಂದ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಆವರಣದಲ್ಲಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಘಟಕವು 2025ರಲ್ಲಿ ಆರಂಭವಾಯಿತು. ಬಳ್ಳಾರಿಯ ಪಾರ್ವತಿನಗರದ ಮನೆಗಳಿಗೆ ಇದು ದೂರದ ಸುದ್ದಿಯಲ್ಲ.

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗಲಿನಲ್ಲಿ ಅದರ ಜ್ವಾಲೆಯೂ ಕಣ್ಣಿಗೆ ಕಾಣುವುದು ಕಷ್ಟ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಾಗ ಹೊತ್ತಿಕೊಳ್ಳಬಲ್ಲದು; ಅತ್ಯಲ್ಪ ಕಿಡಿಯೂ ಸಾಕು. ಆದರೆ ಅದು ಗಾಳಿಗಿಂತ ಸುಮಾರು 14 ಪಟ್ಟು ಹಗುರ. ಅಡುಗೆ ಅನಿಲದಂತೆ ನೆಲದಲ್ಲಿ ತಂಗದೆ, ತೆರೆದ ಸ್ಥಳದಲ್ಲಿ ಬೇಗನೆ ಮೇಲೇರಿ ಚದುರುತ್ತದೆ. ಮುಚ್ಚಿದ ಮಾಡಿನ ಕೆಳಗೆ ಮಾತ್ರ ಕೂಡಿಕೊಳ್ಳುತ್ತದೆ. ಒಂದೇ ವಸ್ತುವಿನಲ್ಲಿ ಭಯಕ್ಕೂ ಅಭಯಕ್ಕೂ ಕಾರಣಗಳಿವೆ. ಒಂದನ್ನೇ ಹಿಡಿದು ಮಾತನಾಡುವುದು ಏಕಾಂತವಾಗುತ್ತದೆ.

1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಉರಿದು 36 ಜನ ಸತ್ತರು. ಆ ಚಿತ್ರ ಇಂದಿಗೂ ಜನಮನದಿಂದ ಅಳಿದಿಲ್ಲ. 2019ರ ಜೂನ್‌ನಲ್ಲಿ ನಾರ್ವೆಯ ಜಲಜನಕ ಕೇಂದ್ರವೊಂದರಲ್ಲಿ ಸ್ಫೋಟವಾಯಿತು. ತನಿಖೆಯಲ್ಲಿ ಕಂಡ ಕಾರಣ: ಸಂಗ್ರಹ ತೊಟ್ಟಿಯ ಬೋಲ್ಟುಗಳನ್ನು ಸರಿಯಾಗಿ ಬಿಗಿದಿರಲಿಲ್ಲ. ದೋಷ ಅನಿಲದ ಸ್ವಭಾವದ್ದಲ್ಲ, ಎಚ್ಚರ ತಪ್ಪಿದ ಕೈಯದು. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ ನಡೆಯಬೇಕೆಂಬ ಆದಾನ-ನಿಕ್ಷೇಪಣ ಸಮಿತಿಯು ಮುನಿಗಳ ಆಚಾರ. ಸೋರಿಕೆ ಸೂಚಕ, ಗಾಳಿ ಹೊರಹೋಗುವ ಮಾಡು, ವಸತಿಯಿಂದ ಅಂತರ, ನಿಯತ ತಪಾಸಣೆ ಎಂಬ ಸುರಕ್ಷತಾ ನಿಯಮಗಳು ಅದೇ ಎಚ್ಚರದ ಲೌಕಿಕ ರೂಪ.

ಆದರೆ ನಿಯಮಪಾಲನೆಯಿಂದಲೇ ಕರ್ತವ್ಯ ಮುಗಿಯುವುದೇ? ಇಂಗ್ಲೆಂಡಿನ ವ್ಹಿಟ್ಬಿ ಎಂಬಲ್ಲಿ ಮನೆಗಳಿಗೆ ಜಲಜನಕ ಒದಗಿಸುವ ಪ್ರಯೋಗವನ್ನು, ನಿವಾಸಿಗಳ ವಿರೋಧದ ಬಳಿಕ, 2023ರ ಜುಲೈನಲ್ಲಿ ಕೈಬಿಡಲಾಯಿತು. ಅಪಾಯ ಅಲ್ಪವೆಂದು ಬಲ್ಲವರು, ಅರಿಯದವರ ಮೇಲೆ ಅದನ್ನು ಹೊರಿಸಬಹುದೇ ಎಂಬುದೇ ಅಲ್ಲಿದ್ದ ಧರ್ಮಪ್ರಶ್ನೆ. ಕೊಡದುದನ್ನು ಕೊಳ್ಳುವುದು ಅದತ್ತಾದಾನ. ಕೊಡದ ಸಮ್ಮತಿಯನ್ನು ಪಡೆದಂತೆ ನಡೆಯುವುದೂ ಅದಕ್ಕೆ ಸಮೀಪವೇ. ಗುಣವನ್ನು ಸಾರಿ ದೋಷವನ್ನು ಮುಚ್ಚಿಟ್ಟು ಗಳಿಸಿದ ಒಪ್ಪಿಗೆ ಸತ್ಯಾಣುವ್ರತಕ್ಕೆ ಸಲ್ಲದು.

ಇನ್ನೊಂದು ಪಕ್ಷವೂ ಇದೆ. ಭಯದಿಂದ ಹೊಸದನ್ನು ನಿರಾಕರಿಸಿದ ಮಾತ್ರಕ್ಕೆ ಯಾರೂ ಅಹಿಂಸಕರಾಗುವುದಿಲ್ಲ. ಮನೆಗೂ ಬಸದಿಯ ಸಭಾಭವನಕ್ಕೂ ಉಕ್ಕು ಬೇಕು. ಅದರ ಹೊಗೆ ಮಾತ್ರ ಪರರ ಉಸಿರಿಗೆ ಎನ್ನುವುದು ಹಿಂಸೆಯನ್ನು ಕಣ್ಮರೆಗೊಳಿಸುವುದೇ ಹೊರತು ಕಡಿಮೆ ಮಾಡುವುದಲ್ಲ. ಆದುದರಿಂದ ತಿಳಿದವನು ಮುಚ್ಚಿಡದೆ ಹೇಳಬೇಕು. ಕೇಳುವವನು ಪೂರ್ವಗ್ರಹವಿಲ್ಲದೆ ಕೇಳಬೇಕು.

ಈ ಅಭ್ಯಾಸಕ್ಕೆ ಜಲಜನಕ ಮನೆಬಾಗಿಲಿಗೆ ಬರುವವರೆಗೆ ಕಾಯಬೇಕಿಲ್ಲ. ಟ್ರಸ್ಟಿನ ಭೋಜನಶಾಲೆಯಲ್ಲಿರುವ ಸಿಲಿಂಡರಿನ ಹಳೆಯ ರಬ್ಬರ್ ಕೊಳವೆಯನ್ನು ಇಂದೇ ಪರೀಕ್ಷಿಸುವುದೂ ಅಹಿಂಸಾವ್ರತದ ಆಚರಣೆಯೇ.