ಬಾಗಿಲಿನ ಆಯಸ್ಸು

ಅಡುಗೆಮನೆಯ ಕಪಾಟಿಗೆ ಬಾಗಿಲು ಮಾಡಿಸುವಾಗ ನಾವು ಕೇಳುವ ಪ್ರಶ್ನೆಗಳು ಎರಡು: ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ? ಮೂರನೆಯದೊಂದಿದೆ. ಒಂದು ಮರವನ್ನು ಕಡಿದು ಮಾಡಿದ ವಸ್ತು ಎಷ್ಟು ವರ್ಷ ಬಾಳಿದರೆ ಆ ಮರದ ಋಣ ತೀರೀತು?

ಹುಣಸೂರಿನ ಸುತ್ತಮುತ್ತ ಇರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಹೆಗ್ಗಡದೇವನಕೋಟೆಯ ಕಾಕನಕೋಟೆ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಎಂಬ ಹೆಸರುಗಳು ಇಲ್ಲಿ ಹೆಂಗಸರ ಬಾಯಲ್ಲೂ ಸಲೀಸಾಗಿ ಬರುತ್ತವೆ. 1974ರಲ್ಲಿ ಕಬಿನಿ ಅಣೆಕಟ್ಟು ಆದಾಗ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಆ ದಶಕಗಳಲ್ಲಿ ಜೇನುಕುರುಬರ ಎಷ್ಟೋ ಕುಟುಂಬಗಳು ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಕಾಡಿನಲ್ಲೇ ಬಾಳಿದವರು ಕಾಡು ಬಿಟ್ಟಿರುವಾಗ, ರಸೀತಿ ಪಡೆದು ಕೊಂಡ ಮರವೇ ಆದರೂ, ಅದನ್ನು ಮನೆಯೊಳಗೆ ತರುವ ಪೇಟೆಯವರಾದ ನಮಗೆ ಕೊಂಚ ಅಳುಕಿರಬೇಕು.

‘ಹಾಗಾದರೆ ಪ್ಲೈವುಡ್ ಹಾಕಿಸಿ, ಕಾಡೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ’ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ; ಬೇಗ ಬೆಳೆಯುವ ತೋಟದ ಮರಗಳಿಂದಲೂ ಅದು ತಯಾರಾಗುತ್ತದೆ. ಆದರೆ ಪಾತ್ರೆ ತೊಳೆಯುವ ಜಾಗದ ಕೆಳಗೆ ಅಗ್ಗದ ಪ್ಲೈವುಡ್ ಉಬ್ಬಿ, ಪದರ ಬಿಟ್ಟರೆ, ಅದನ್ನು ಕೀಸಿ ಸರಿಮಾಡಲಾಗದು, ಎಸೆಯಲೇಬೇಕು. ಹತ್ತು ವರ್ಷಕ್ಕೊಮ್ಮೆ ಎಸೆಯುವುದು ಉಳಿತಾಯ ಹೇಗಾದೀತು?

ಗಟ್ಟಿಮರದ ಬಾಗಿಲಿನ ಬಾಳಿಕೆ ಮರದಲ್ಲಷ್ಟೇ ಇಲ್ಲ, ಕಟ್ಟುವ ಕ್ರಮದಲ್ಲಿದೆ. ಮರ ಒಣಗಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದಕ್ಕೆ ಅಷ್ಟಾಗಿ ಬದಲಾಗದು; ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಪಿರಿಯಾಪಟ್ಟಣದ ಜಡಿಮಳೆಯಲ್ಲಿ ಉಬ್ಬಿದ ಹಲಗೆ ಬೇಸಿಗೆಗೆ ಮತ್ತೆ ಸಣ್ಣದಾಗುತ್ತದೆ. ಅದಕ್ಕೇ ಬಲ್ಲ ಆಚಾರಿ ನಾಲ್ಕು ಪಟ್ಟಿಗಳ ಚೌಕಟ್ಟು ಮಾಡಿ, ಒಂದರ ತುದಿಯನ್ನು ಇನ್ನೊಂದರ ತೂತಿಗೆ ಬಿಗಿಯಾಗಿ ಕೂಡಿಸುತ್ತಾನೆ. ನಡುವಿನ ಹಲಗೆಯನ್ನು ಮಾತ್ರ ಅಂಟು ಹಾಕದೆ ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂರಿಸುತ್ತಾನೆ. ಸುತ್ತ ಒಂದಿಷ್ಟು ಸಂದು. ಆ ಸಂದು ಇಲ್ಲದಿದ್ದರೆ ಹಲಗೆ ಸೀಳುತ್ತದೆ, ಇಲ್ಲವೆ ಚೌಕಟ್ಟನ್ನೇ ಒದೆಯುತ್ತದೆ.

ಇದನ್ನು ಸಂಸಾರಕ್ಕೆ ಹೋಲಿಸಿ ನಾಲ್ಕು ಒಳ್ಳೆಯ ಮಾತು ಹೇಳುವ ಆಸೆ ಯಾರಿಗಾದರೂ ಬಂದೀತು. ನನಗೆ ಮುಖ್ಯವೆನಿಸುವುದು ಬೇರೆ. ಆ ಸಂದು ಗಾಡಿಯೊಳಗೆ ಅಡಗಿರುತ್ತದೆ, ನಮಗೆ ಕಾಣುವುದಿಲ್ಲ. ಹಸಿಮರ ಹಾಕಿದ್ದೂ, ಹಲಗೆಗೆ ಅಂಟು ಬಳಿದದ್ದೂ ಪಾಲಿಶ್ ಆದ ದಿನ ಕಾಣುವುದಿಲ್ಲ. ಬಿರುಕು ಬಿಡುವುದು ಮುಂದಿನ ಬೇಸಿಗೆಗೆ. ಕೂಲಿಯಲ್ಲಿ ನಾವು ಹಿಸುಕಾಡಿ ಎರಡು ದಿನ ಕಡಿಮೆ ಮಾಡಿಸಿದರೆ, ಆ ಎರಡು ದಿನ ಕಳೆದುಹೋಗುವುದು ಇಂಥ ಕಾಣದ ಕಡೆಯಲ್ಲೇ. ಆಗ ತಪ್ಪು ಆಚಾರಿಯದೊಂದೇ ಅಲ್ಲ. ಚೌಕಾಸಿಯಲ್ಲಿ ಗೆದ್ದೆವೆಂದು ಬೀಗಿದವರದೂ ಹೌದು.

ಹಾಗೆಂದು ಎಲ್ಲವನ್ನೂ ಕೈಯಲ್ಲೇ ಮಾಡಲಿ ಎನ್ನುವುದು ಸರಿಯಲ್ಲ. ಒರಳುಕಲ್ಲಿನ ರುಚಿಯನ್ನು ಹೊಗಳುವವರು ಸಾಮಾನ್ಯವಾಗಿ ರುಬ್ಬಿದವರಲ್ಲ. ಹಲಗೆ ಸೀಳಲು, ಗಾಡಿ ಹೊಡೆಯಲು ಕರೆಂಟಿನ ಮಷೀನು ಬಂದು ಆಚಾರಿಯ ರಟ್ಟೆ ಉಳಿದರೆ ಸಂತೋಷವೇ. ಆದರೆ ಕೊನೆಗೆ ಬಾಗಿಲನ್ನು ಅದರ ಜಾಗದಲ್ಲಿ ನಿಲ್ಲಿಸಿ, ಎಲ್ಲಿ ತಾಗುತ್ತದೆಂದು ನೋಡಿ, ಉಳಿ, ತೋಪಡ ಹಿಡಿದು ಕೂದಲೆಳೆಯಷ್ಟು ತೆಗೆಯುವುದು ಕೈಯ ಕೆಲಸ. ಮಷೀನು ಉಳಿಸಿಕೊಟ್ಟ ಹೊತ್ತು ಆ ಕೆಲಸಕ್ಕೆ ಸಲ್ಲಬೇಕು.

ತೇಗ ಬಲಿಯಲು ಐವತ್ತು ಅರವತ್ತು ವರ್ಷ ಬೇಕು. ಬಾಗಿಲೂ ಅಷ್ಟು ಕಾಲ ತೆರೆದು ಮುಚ್ಚಿಕೊಂಡಿದ್ದರೆ ಲೆಕ್ಕ ಸರಿಹೋದೀತು. ಅಷ್ಟು ಬೆಲೆ ಕೊಡಲಾಗದವರಿಗೆ ಕೆಡವಿದ ಹಳೆಯ ಮನೆಗಳ ಮರವಿದೆ. ಎಷ್ಟೋ ಮಳೆಗಾಲ ಕಂಡು ಹದವಾದದ್ದು, ಮತ್ತೆ ಕೀಸಿದರೆ ಹೊಸದಾಗುವಂಥದ್ದು. ಯಾವುದನ್ನೇ ಆರಿಸಿದರೂ, ಮುಂದೊಂದು ದಿನ ಬಿಚ್ಚಿ ಸರಿಪಡಿಸಲು ಬರುವಂತೆ ಮಾಡಿಸಬೇಕು, ಕಾಣದ ಕೆಲಸಕ್ಕೂ ಕೂಲಿ ಕೊಡಬೇಕು. ಇಡೀ ದಿನ ಯಾರ ಕಣ್ಣಿಗೂ ಬೀಳದ ಕೆಲಸ ಮಾಡುವ ನಾವೇ ಅದನ್ನು ಮರೆತರೆ ಇನ್ನಾರು ನೆನೆದಾರು?